ಬ್ಯಾಟರಿಗೆ ಇಟ್ಟ ಕುಂಕುಮ

ಆಯುಧಪೂಜೆ ಕಳೆದ ಮೂರನೆಯ ದಿನ ನನ್ನ ಮೊಮ್ಮಗ ನನಗೆ ಹೇಳಿದ ಮಾತನ್ನು ಮೊದಲು ನಿಮ್ಮ ಮುಂದೆ ಇಟ್ಟುಬಿಡುತ್ತೇನೆ. ನನ್ನ ಸಿಟ್ಟು ಸರಿಯೋ ತಪ್ಪೋ, ಆಮೇಲೆ ನೀವೇ ಹೇಳಿ.

“ಅಜ್ಜಿ, ನೀವು ಆ ಕಡೆ ಹೋಗಿ ನಿಲ್ಲಿ. ಇದು ಕರೆಂಟಿನ ವಿಷಯ. ನಿಮಗೆ ಗೊತ್ತಾಗಲ್ಲ.”

ನನ್ನ ಹಲ್ಲು ತೋರಿಸಲು ಮಡಿಕೇರಿಗೆಂದು ಹೊರಟಿದ್ದೆವು. ಹಲ್ಲುನೋವಿರುವ ಮುದುಕಿಯ ಜೊತೆ ಹೇಗೆ ಮಾತಾಡಬೇಕು ಎಂಬುದನ್ನು ಈಗಿನ ಮಕ್ಕಳಿಗೆ ಯಾರೂ ಕಲಿಸಿಲ್ಲ. ವಿರಾಜಪೇಟೆಯ ನಮ್ಮ ಮನೆಯ ಮುಂದೆ ಕಾರು ನಿಂತಲ್ಲೇ ನಿಂತಿತ್ತು. ಕೀಲಿ ತಿರುಗಿಸಿದರೆ ಒಂದು ಕೆಮ್ಮೂ ಇಲ್ಲ. ಮೊಮ್ಮಗ ಪ್ರಮೋದ, ಪೇಟೆಯಲ್ಲಿ ಪುಸ್ತಕದ ಅಂಗಡಿ ಇಟ್ಟುಕೊಂಡಿರುವವನು, ಪೂಜೆಯ ದಿನ ಕಾರನ್ನು ತೊಳೆದು, ಬಾಳೆಕಂದು ಕಟ್ಟಿ, ಒಳಗಿನ ದೀಪ ಹಾಕಿ ಫೋಟೋ ತೆಗೆದಿದ್ದ. ದೀಪ ಆರಿಸುವುದನ್ನು ಮರೆತಿದ್ದ. ಮೂರು ದಿನ ಉರಿದ ದೀಪ ಬ್ಯಾಟರಿಯನ್ನು ಕುಡಿದು ಬರಿದು ಮಾಡಿತ್ತು. ಪಕ್ಕದ ಮನೆಯ ಜೀಪನ್ನು ಕಾರಿನ ಮೂತಿಗೆ ಮೂತಿ ತಾಗಿಸಿ ನಿಲ್ಲಿಸಿದ್ದರು. ಪ್ರಮೋದನ ಕೈಯಲ್ಲಿ ಎರಡು ದಪ್ಪ ವೈರು, ಒಂದು ಕೆಂಪು, ಒಂದು ಕಪ್ಪು. ತುದಿಯಲ್ಲಿ ಬಾಯಿ ತೆರೆದುಕೊಂಡ ಕ್ಲಿಪ್ಪುಗಳು.

ನಾನು ಕತ್ತು ಚಾಚಿ ನೋಡಿದೆ. ಬ್ಯಾಟರಿಯ ಮೇಲೆ ಎರಡು ಸೀಸದ ತುದಿಗಳಿರುತ್ತವಲ್ಲ, ಪ್ಲಸ್ಸು ಒಂದು, ಮೈನಸ್ಸು ಒಂದು, ಆ ಎರಡಕ್ಕೂ ಅರಿಶಿನ ಹಚ್ಚಿ ಕುಂಕುಮ ಮೆತ್ತಿತ್ತು. ಎರಡೂ ಒಂದೇ ಕೆಂಪು. “ಯಾವುದೋ ಪ್ಲಸ್ಸು?” ಎಂದೆ. ಆಗ ಬಂತು ಆ ಮಾತು. ಮೈಯೆಲ್ಲ ಉರಿದುಹೋಯಿತು.

ಅವರು ವೈರು ಹಿಡಿದುಕೊಂಡು ಅಲ್ಲೇ ನಿಂತಿರಲಿ. ನನಗೆ ಸ್ವಲ್ಪ ಹೇಳುವುದಿದೆ.

ನಾನು ಒಂದು ಇಡೀ ವಿಮಾನಕ್ಕೆ ವೈರು ಎಳೆದವಳು. ನಗಬೇಡಿ. ಕೊಡಗು ಇನ್ನೂ ಮೈಸೂರಿಗೆ ಸೇರಿರದ ಕಾಲ ಅದು. ನಮ್ಮದೇ ಒಂದು ಪುಟ್ಟ ರಾಜ್ಯ. ಮಡಿಕೇರಿಯೇ ರಾಜಧಾನಿ, ಬೆರಳಲ್ಲಿ ಎಣಿಸುವಷ್ಟು ಮಂತ್ರಿಗಳು. ಅವರಲ್ಲೊಬ್ಬರು ನಮ್ಮ ಬೀದಿಯಲ್ಲಿ ಹೋದರೆ ಅಪ್ಪ ಜಗಲಿಯಿಂದಲೇ “ಕಾಫಿ ಆಯ್ತಾ?” ಎಂದು ಕೇಳುತ್ತಿದ್ದರು. ಅಪ್ಪ ಮಡಿಕೇರಿಯಲ್ಲಿ ಮೇಷ್ಟ್ರು. ನಾನು ಎಂಟನೆಯ ತರಗತಿಯವರೆಗೆ ಓದಿ, ಹೂವು ಕಟ್ಟುವುದರಲ್ಲಿ ಮಾತ್ರ ಮೊದಲನೆಯ ದರ್ಜೆಯಲ್ಲಿ ಪಾಸಾದವಳು. ಹೂವಿನ ವಿಷಯದಲ್ಲಿ ಅಮ್ಮ ಬಹಳ ಬಿಗಿ. ಬಾಳೆನಾರು ನೆನೆಹಾಕಿ, ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ನಡುವೆ ಒಂದು ಗಂಟು. ಗಂಟು ಸಡಿಲವಾಗಿ ಒಂದು ಹೂವು ಜಾರಿದರೆ ಇಡೀ ಮಾಲೆ ಬಿಚ್ಚಿಸುತ್ತಿದ್ದಳು. “ದೇವರ ಕತ್ತಿನಿಂದ ಹೂವು ಬಿದ್ರೆ ಪ್ರಸಾದ ಅಂತಾರೆ. ನಿನ್ನ ಕೈಯಿಂದ ಬಿದ್ರೆ ಸೋಮಾರಿತನ ಅಂತಾರೆ” ಎನ್ನುತ್ತಿದ್ದಳು. ಅಮ್ಮನ ಸಿಟ್ಟು ನನಗೆ ಬಳುವಳಿಯಾಗಿ ಬಂದಿದೆ. ಹಾಲಿನವನು ಇವತ್ತಿಗೂ ನನ್ನ ಮುಖ ನೋಡಿಯೇ ನೀರು ಎಷ್ಟು ಬೆರೆಸಬಹುದು ಎಂದು ಲೆಕ್ಕ ಹಾಕುತ್ತಾನೆ.

ನನ್ನನ್ನು ಕಟ್ಟಿಕೊಂಡವರು ಯುದ್ಧದ ಕಾಲದಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ದವರು. ಹೆಸರು ಹೇಳಿ ನನಗೆ ಅಭ್ಯಾಸವಿಲ್ಲ. “ಇವರು” ಎಂದರೆ ಇವರೇ ಎಂದು ತಿಳಿದುಕೊಳ್ಳಿ. ಯುದ್ಧ ಮುಗಿದ ಮೇಲೆ ವಿರಾಜಪೇಟೆಯಲ್ಲಿ ಒಂದು ಬಸ್ಸಿನ ಕಂಪನಿಗೆ ಹೆಡ್ ಮೆಕ್ಯಾನಿಕ್ ಆದರು. ಹಗಲೆಲ್ಲ ಬಸ್ಸಿನ ಹೊಟ್ಟೆಯ ಕೆಳಗೆ ಮಲಗಿರುತ್ತಿದ್ದರೂ ಕಣ್ಣು ಮಾತ್ರ ಮೇಲೆಯೇ. ಪೊನ್ನಂಪೇಟೆಯ ಹತ್ತಿರ ಚಂಗಪ್ಪನವರ ಎಸ್ಟೇಟಿತ್ತು. ಸೇನೆಯಲ್ಲಿದ್ದು ಬಂದವರು, ದೊಡ್ಡ ಮನಸ್ಸು, ಅದಕ್ಕಿಂತ ದೊಡ್ಡ ಮೀಸೆ. ಅವರಿಗೆ ಒಂದೇ ಆಸೆ: ತಮ್ಮ ತೋಟವನ್ನು ಒಮ್ಮೆ ಮೇಲಿನಿಂದ ನೋಡಬೇಕು. “ಹದ್ದು ನೋಡ್ತದೆ, ಮಂಗ ನೋಡ್ತದೆ, ನಾನು ಮಾತ್ರ ಕೆಳಗಿಂದಲೇ ನೋಡ್ಬೇಕಾ ಮಾರಾಯ್ರೆ?” ಎಂದು ಇವರನ್ನು ಕೇಳಿದರಂತೆ. ಅಷ್ಟೇ ಸಾಕಾಯಿತು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಎಂಜಿನ್ನು, ಮೀಟರುಗಳು, ಒಂದು ವೈರ್‌ಲೆಸ್ ಪೆಟ್ಟಿಗೆ ಎಲ್ಲ ಬಂದವು. ಮರದ ಚೌಕಟ್ಟು ಇಲ್ಲಿಯದೇ. ಎಸ್ಟೇಟಿನ ಕಾಫಿ ಸ್ಟೋರಿನಲ್ಲಿ, ಅಂದರೆ ಕಾಫಿ ಮೂಟೆ ಇಡುವ ಉದ್ದನೆಯ ಕೊಟ್ಟಿಗೆಯಲ್ಲಿ, ಇಬ್ಬರೂ ಸೇರಿ ಒಬ್ಬರು ಕೂರುವ ವಿಮಾನ ಕಟ್ಟತೊಡಗಿದರು.

ನಾನು ಅಲ್ಲಿಗೆ ಮೊದಲ ಸಲ ಹೋಗಿದ್ದು ಊಟದ ಕ್ಯಾರಿಯರ್ ಕೊಡಲು. ಇವರು ವೈರುಗಳನ್ನು ಕಟ್ಟುತ್ತಿದ್ದರು. ಆ ಕಟ್ಟು ನೋಡಿ ನನಗೆ ತಡೆಯಲಿಲ್ಲ. ಮೇಣ ಹಚ್ಚಿದ ದಾರದಿಂದ ಸುತ್ತಿದ್ದರು. ಸೌದೆ ಹೊರೆಯೂ ಅದಕ್ಕಿಂತ ಚೆನ್ನಾಗಿರುತ್ತಿತ್ತು. “ಇದನ್ನ ಯಾರು ಕಟ್ಟಿದ್ದು?” ಎಂದೆ. “ನಾನೇ. ಯಾಕೆ?” ಎಂದರು. ನಾನು ಕ್ಯಾರಿಯರ್ ಕೆಳಗಿಟ್ಟು ಎಲ್ಲವನ್ನೂ ಬಿಚ್ಚಿದೆ. ಸಂಜೆಯ ಹೊತ್ತಿಗೆ ಅಂಗುಲಕ್ಕೊಂದು ಗಂಟು ಹಾಕಿ, ಮಲ್ಲಿಗೆ ಮಾಲೆಯ ಹಾಗೆ ಕಟ್ಟಿಕೊಟ್ಟೆ. ಎಳೆದು ನೋಡಿದರು, ಅಲ್ಲಾಡಲಿಲ್ಲ. ಮರುದಿನದಿಂದ ವೈರಿನ ಕೆಲಸ ನನ್ನದಾಯಿತು.

ಕಲಿತೆ, ಸ್ವಾಮಿ. ಎರಡು ವರ್ಷ ಕಲಿತೆ. ಎಸ್ಟೇಟಿಗೆ ಆಗ ಕರೆಂಟಿಲ್ಲ. ಬೆಸುಗೆ ಹಾಕುವ ತಾಮ್ರದ ಕಡ್ಡಿಯನ್ನು ಇದ್ದಿಲ ಒಲೆಯಲ್ಲಿ ಕಾಯಿಸಬೇಕು. ಅದೇ ಒಲೆಯ ಮೇಲೆ ಚಂಗಪ್ಪನವರ ಕಾಫಿ. ಎಷ್ಟು ಸಲ ಕಾಫಿ ಉಕ್ಕಿ ಕೆಂಡ ಆರಿತೋ, ಎಷ್ಟು ಸಲ ಕಡ್ಡಿಯ ಬದಲು ಸೌಟು ಹಿಡಿದು ಬೆಸುಗೆಗೆ ಹೋದೆನೋ ದೇವರಿಗೇ ಗೊತ್ತು. ಬ್ಯಾಟರಿಯ ಆಸಿಡ್ಡು ತಾಗಿ ನನ್ನ ಸೀರೆಯ ಸೆರಗುಗಳೆಲ್ಲ ಜರಡಿಯಾದವು. ಮದುವೆ ಮನೆಯಲ್ಲಿ ಒಬ್ಬರು ನನ್ನ ಸೆರಗು ನೋಡಿ “ಪಾಪ, ಬಸ್ ಕಂಪನಿಯಲ್ಲಿ ಕೈಗೆ ಏನೂ ಸಿಗಲ್ವೇನೋ” ಎಂದು ಮರುಗಿದರು. ಸಿಟ್ಟು ಬಂತು, ಆದರೆ ವಿಮಾನ ಕಟ್ಟುತ್ತಿದ್ದೇನೆ ಎಂದು ಹೇಳಿದರೆ ಇನ್ನೂ ಮರುಗಿಯಾರು ಎಂದು ಸುಮ್ಮನಾದೆ. ಪ್ರತಿ ವೈರಿಗೂ ಗುರುತಿಗೆಂದು ಬಿಳಿ ಪಟ್ಟಿ ಕಟ್ಟಿ, ಅದರ ಮೇಲೆ ಕೆಂಪು ದಾರದಲ್ಲಿ ಕನ್ನಡದ ಅಂಕಿ ಕಸೂತಿ ಹಾಕಿದ್ದೆ. ೧ರಿಂದ ೪೩ರವರೆಗೆ. ರೆಕ್ಕೆಯ ದೀಪ ಯಾವುದು, ವೈರ್‌ಲೆಸ್ ಯಾವುದು, ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಈಗ ಆ ಬ್ಯಾಟರಿಯ ವಿಷಯ. ವಿಮಾನದೊಳಗೆ ಅದರದ್ದೇ ಒಂದು ಬ್ಯಾಟರಿ ಇರುತ್ತದೆ. ತೂಕ ಉಳಿಸಬೇಕು ಎಂದು ಪುಟ್ಟದನ್ನೇ ಇಟ್ಟಿರುತ್ತಾರೆ. ನೆಲದ ಮೇಲೆ ನಿಲ್ಲಿಸಿ ದೀಪ, ಮೀಟರು, ವೈರ್‌ಲೆಸ್ ಎಲ್ಲ ಸರಿಯಿದೆಯೇ ಎಂದು ಗಂಟೆಗಟ್ಟಲೆ ಪರೀಕ್ಷೆ ಮಾಡುವಾಗ ಅದನ್ನೇ ಬಳಸಿದರೆ ಹಾರುವ ಹೊತ್ತಿಗೆ ಅದರಲ್ಲಿ ಜೀವವಿರುವುದಿಲ್ಲ. ಅದಕ್ಕೆ ಹೊರಗಿನಿಂದ ಕರೆಂಟು ಕೊಡಬೇಕು. ಮಗುವಿಗೆ ನಡೆಯಲು ಕಲಿಸುವಾಗ ಕೈ ಹಿಡಿಯುವುದಿಲ್ಲವೇ, ಹಾಗೆ. ಎಸ್ಟೇಟಿನ ಜೀಪಿನದು ಆರು ವೋಲ್ಟಿನ ಬ್ಯಾಟರಿ, ವಿಮಾನಕ್ಕೆ ಬೇಕಾದದ್ದು ಹನ್ನೆರಡು. ಪೊನ್ನಂಪೇಟೆ ರೂಟಿನ ಬಸ್ಸಿನದು ಹನ್ನೆರಡು. ಆದ್ದರಿಂದ ಬಸ್ಸಿಗೆ ಬಿಡುವಿದ್ದ ಭಾನುವಾರಗಳಲ್ಲಿ, ಕಂಪನಿಯ ಒಪ್ಪಿಗೆ ಪಡೆದು, ಅದರ ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ ಜೀಪಿನಲ್ಲಿ ತರುತ್ತಿದ್ದರು. ಅದರ ಜೊತೆಗೆ ಬಸ್ಸಿನ ಡ್ರೈವರ್ ಐತಪ್ಪಣ್ಣನೂ ಬರುತ್ತಿದ್ದ. ಪುತ್ತೂರಿನ ಕಡೆಯವನು. ಮಗಳನ್ನು ಗಂಡನ ಮನೆಗೆ ಬಿಡಲು ಬಂದ ಅಪ್ಪನ ಹಾಗೆ ಬ್ಯಾಟರಿಯ ಪಕ್ಕದಲ್ಲೇ ಕೂರುತ್ತಿದ್ದ. ಪ್ಲಸ್ಸಿನ ತುದಿಗೆ ಕೆಂಪು ಬಣ್ಣ ಬಳಿದಿತ್ತು, ಮೈನಸ್ಸಿಗೆ ಏನೂ ಇಲ್ಲ. ಕೆಂಪು ವೈರು ಕೆಂಪಿಗೆ, ಕಪ್ಪು ವೈರು ಬರಿಯದಕ್ಕೆ. ಒಂದೂವರೆ ವರ್ಷ ಒಂದೇ ಒಂದು ಸಲವೂ ತಪ್ಪಿರಲಿಲ್ಲ.

ಬ್ಯಾಟರಿಯ ಗುರುತು ಅಳಿಸಿಹೋಗಿದ್ದರೆ ಏನು ಮಾಡಬೇಕು ಎಂಬುದನ್ನೂ ಇವರೇ ನನಗೆ ಕಲಿಸಿದ್ದರು. ಒಂದು ಆಲೂಗೆಡ್ಡೆಯನ್ನು ಅಡ್ಡಕ್ಕೆ ಹೋಳು ಮಾಡಿ, ಎರಡು ತುದಿಗಳಿಂದ ಬಂದ ಎರಡು ತಾಮ್ರದ ತಂತಿಗಳನ್ನು ಅದಕ್ಕೆ ಚುಚ್ಚಬೇಕು. ಸ್ವಲ್ಪ ಹೊತ್ತಿನಲ್ಲಿ ಪ್ಲಸ್ಸಿನ ತಂತಿಯ ಸುತ್ತ ಹಸಿರು ಮಚ್ಚೆ ಬೀಳುತ್ತದೆ. ಯುದ್ಧದಲ್ಲಿ ಮೀಟರು ಇಲ್ಲದ ಕಡೆ ಹೀಗೇ ಮಾಡುತ್ತಿದ್ದರಂತೆ. ಅದನ್ನು ನೋಡಿದ ದಿನ ನಾನು ಮನೆಯಲ್ಲಿದ್ದ ಗೆಡ್ಡೆಗಳಿಗೆಲ್ಲ ತಂತಿ ಚುಚ್ಚಿ ನೋಡಿದ್ದೆ. ಆ ವಾರವೆಲ್ಲ ಸಾಂಬಾರಿನಲ್ಲಿ ತರಕಾರಿ ಇರಲಿಲ್ಲ.

ಇನ್ನು ಆ ದಿನಕ್ಕೆ ಬರುತ್ತೇನೆ. ಬರಲೇಬೇಕು.

ವಿಮಾನ ಹಾರಬೇಕಾದರೆ ಒಬ್ಬ ಅಧಿಕಾರಿ ಬಂದು ನೋಡಿ ಒಪ್ಪಬೇಕಿತ್ತು. ಅವರು ದೂರದ ಊರಿನವರು. ಮಡಿಕೇರಿ ದಸರಾ ನೋಡಲು ಬಂದವರು, ಮುಗಿಸಿಕೊಂಡು ಹೋಗುವ ದಾರಿಯಲ್ಲಿ ಹಾಗೇ ನೋಡಿಬಿಡುತ್ತೇನೆ ಎಂದಿದ್ದರು. ಆ ದಿನ ತಪ್ಪಿದರೆ ಇಲ್ಲ. ಯಾಕೆಂದರೆ ಇನ್ನು ಕೆಲವು ವಾರಗಳಲ್ಲಿ ಪಿಕ್ಕಿಂಗ್ ಶುರು, ಕಾಫಿ ಕೊಯ್ದರೆ ಸ್ಟೋರು ಬೇಕು, ವಿಮಾನ ಹೊರಗೆ ಹೋಗಬೇಕು. ವೈರಿನ ಕೆಲಸ ಯಾರದ್ದು ಎಂದು ಅವರು ಕಾಗದದ ಮೇಲೆ ಬರೆಯುತ್ತಾರೆ ಎಂದು ಇವರು ಹೇಳಿದ್ದರು. “ನಿನ್ನ ಹೆಸರೇ ಬರೆಸ್ತೀನಿ, ಶಾರದಾ” ಎಂದಿದ್ದರು. ನನಗೆ ಬೇಕಾಗಿದ್ದದ್ದು ಅದೊಂದೇ. ಮದುವೆ ಪತ್ರಿಕೆ ಬಿಟ್ಟರೆ ನನ್ನ ಹೆಸರು ಎಲ್ಲಿಯೂ ಬರೆದಿರಲಿಲ್ಲ.

ಬಸ್ಸಿನ ಬ್ಯಾಟರಿ ಬಂತು. ಗೋಣಿ ಬಿಚ್ಚಿದರೆ, ಅಯ್ಯೋ ದೇವರೇ! ಆಯುಧಪೂಜೆಗೆ ಐತಪ್ಪಣ್ಣ ಅದಕ್ಕೆ ಅಭ್ಯಂಜನ ಮಾಡಿಸಿದ್ದ. ಮೈಗೆ ವಿಭೂತಿ ಪಟ್ಟೆ, ಕೊರಳಿಗೆ ಚೆಂಡುಹೂವು. ಎರಡು ತುದಿಗಳಿಗೂ ಗಂಧ ಮೆತ್ತಿ, ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ಪ್ಲಸ್ಸಿನ ತುದಿ ಸ್ವಲ್ಪ ದಪ್ಪಗಿರುತ್ತದೆ, ಬರಿಗಣ್ಣಿಗೂ ತಿಳಿಯುತ್ತದೆ. ಈಗ ಎರಡೂ ಒಂದೇ ದಪ್ಪ, ಒಂದೇ ಕೆಂಪು. ನಮ್ಮ ಜನ ಹೀಗೇ ನೋಡಿ. ಗರಗಸಕ್ಕೆ ಕುಂಕುಮವಿಟ್ಟು ಹಲ್ಲು ಮುಚ್ಚುತ್ತಾರೆ, ತಕ್ಕಡಿಗೆ ಕುಂಕುಮವಿಟ್ಟು ಮುಳ್ಳು ಮುಚ್ಚುತ್ತಾರೆ, ಆಮೇಲೆ ಕೆಲಸ ಕೆಟ್ಟರೆ ದೇವರಿಗೆ ಇನ್ನೊಂದು ಹರಕೆ ಹೊರುತ್ತಾರೆ.

ನಾನು ಸೆರಗಿನ ತುದಿ ಹಿಡಿದು ಬಗ್ಗಿದೆ, ಒರೆಸಿ ನೋಡೋಣ ಎಂದು.

“ಅಯ್ಯಯ್ಯೋ, ಅಕ್ಕಾ! ಎಂತ ಮಾಡ್ತೀರಿ?” ಐತಪ್ಪಣ್ಣ ಕಿರುಚಿದ. “ಮುತ್ತೈದೆ ಕುಂಕುಮ ಒರೆಸುದುಂಟಾ? ಅದೂ ಯಜಮಾನ್ರು ಹಾರುವ ವಿಮಾನದ ಎದುರು!”

ಮೊದಲ ಸಲ ಹಾರುವವರು ಇವರೇ ತಾನೇ. ಇವರು ಥಟ್ಟನೆ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಎಡಗೈಯ ಮಣಿಕಟ್ಟು. ಯುದ್ಧದಲ್ಲಿ ಬಾಂಬು ಕಂಡ ಮನುಷ್ಯನ ಕೈ ತಣ್ಣಗಿತ್ತು. “ಬಿಡು ಶಾರದಾ, ಬೇಡ. ಯಾವುದು ಅಂತ ನಂಗೊತ್ತು” ಎಂದರು.

“ಹಾಗಾದ್ರೆ ಆಲೂಗೆಡ್ಡೆಯಲ್ಲಿ ನೋಡಿಬಿಡಿ. ಅಡುಗೆ ಮನೆಯಿಂದ ತರ್ತೀನಿ” ಎಂದೆ.

ಅಷ್ಟರಲ್ಲಿ ಅಧಿಕಾರಿಯ ಕಾರು ಬಂದು ನಿಂತಿತ್ತು. ಚಂಗಪ್ಪನವರು ಅವರನ್ನು ಕರೆದುಕೊಂಡು ಒಳಗೆ ಬರುತ್ತ ನನ್ನ ಮಾತು ಕೇಳಿಸಿಕೊಂಡು ನಕ್ಕರು. “ಎಂಥದ್ದು ಶಾರದಮ್ಮ, ಈಗ ಪಲ್ಯ ಮಾಡ್ತೀರಾ? ಊಟ ಆಮೇಲೆ ಮಾಡುವ ಮಾರಾಯ್ರೆ!” ಅದನ್ನು ಅಧಿಕಾರಿಗೆ ಇಂಗ್ಲಿಷಿನಲ್ಲಿ ಬೇರೆ ಹೇಳಿದರು. ಅವರೂ ನಕ್ಕರು. ನನಗೆ ಆ ಗೆಡ್ಡೆಯ ಪಾಠ ಹೇಳಿಕೊಟ್ಟ ಮಹಾನುಭಾವರು, ಇವರು, ಎಲ್ಲರಿಗಿಂತ ಜೋರಾಗಿ ನಕ್ಕರು. “ಗೆಡ್ಡೆಗಿಡ್ಡೆ ಏನೂ ಬೇಡ. ನೀನು ಹೋಗಿ ಸೀಟಲ್ಲಿ ಕೂತ್ಕೋ, ಸ್ವಿಚ್ಚು ಹಾಕು” ಎಂದರು. ದೊಡ್ಡವರೊಬ್ಬರ ಎದುರು ತರಕಾರಿ ಹಿಡಿದು ನಿಲ್ಲಲು ಅವರಿಗೆ ನಾಚಿಕೆ. ಹೇಳಿ, ನನಗೆ ಸಿಟ್ಟು ಬರಬೇಕೋ ಬೇಡವೋ?

ಸೀರೆ ಎತ್ತಿ ಕಟ್ಟಿ ಸೀಟಿನಲ್ಲಿ ಕೂತೆ. ಇವರು ಎರಡು ಕೆಂಪುಗಳನ್ನು ದಿಟ್ಟಿಸಿ ನೋಡಿ, ಒಂದಕ್ಕೆ ಕೆಂಪು ವೈರಿನ ಕ್ಲಿಪ್ಪು ಕಚ್ಚಿಸಿದರು, ಇನ್ನೊಂದಕ್ಕೆ ಕಪ್ಪು. ವೈರುಗಳ ಆ ಕಡೆಯ ತುದಿ ವಿಮಾನದ ಪಕ್ಕೆಯಲ್ಲಿದ್ದ ಸಾಕೆಟ್ಟಿಗೆ ಹೋಗಿತ್ತು. “ಹೂಂ, ಹಾಕು” ಎಂದರು. ದೊಡ್ಡ ಸ್ವಿಚ್ಚು ಹಾಕಿದೆ. ಆಮೇಲೆ ದೀಪದ್ದು ಹಾಕಿದೆ. ಎಡರೆಕ್ಕೆಯಲ್ಲಿ ಕೆಂಪು, ಬಲರೆಕ್ಕೆಯಲ್ಲಿ ಹಸಿರು, ಬಾಲದಲ್ಲಿ ಬಿಳಿ, ಮೂರೂ ಜಗ್ಗನೆ ಹತ್ತಿಕೊಂಡವು. ಚಂಗಪ್ಪನವರು ಚಪ್ಪಾಳೆ ತಟ್ಟಿದರು. ಐತಪ್ಪಣ್ಣ ಬ್ಯಾಟರಿಗೆ ಕೈ ಮುಗಿದ.

ದೀಪಕ್ಕೆ ಪ್ಲಸ್ಸು ಮೈನಸ್ಸು ಎಂಬ ಭೇದವಿಲ್ಲ ನೋಡಿ. ಯಾವ ಕಡೆಯಿಂದ ಕೊಟ್ಟರೂ ಉರಿಯುತ್ತದೆ. ಆದರೆ ಮೀಟರಿನ ಮುಳ್ಳಿಗೆ ಭೇದವಿದೆ. ನನ್ನ ಎದುರಿಗಿದ್ದ ಮುಳ್ಳು ಬಲಕ್ಕೆ ಬರುವ ಬದಲು ಎಡಕ್ಕೆ ಹೋಗಿ, ಸೊನ್ನೆಯನ್ನೂ ದಾಟಿ, ಗೋಡೆಗೆ ಒತ್ತಿಕೊಂಡು ನಡುಗುತ್ತಿತ್ತು. “ಉಲ್ಟಾ! ಉಲ್ಟಾ ಕೊಟ್ಟಿದ್ದೀರಿ!” ಎಂದು ಕೂಗಿ ನಾನು ದೊಡ್ಡ ಸ್ವಿಚ್ಚಿಗೆ ಕೈ ಹಾಕುವುದಕ್ಕೂ, ಅಧಿಕಾರಿ ಹೊರಗಿನಿಂದ ಕೈ ತೂರಿಸಿ ವೈರ್‌ಲೆಸ್ಸಿನ ಸ್ವಿಚ್ಚು ಹಾಕುವುದಕ್ಕೂ ಸರಿಹೋಯಿತು. ಅವರ ತೋಳು ನನ್ನ ಕೈಗೆ ಅಡ್ಡ. ಅದನ್ನು ತಳ್ಳಿ ಸ್ವಿಚ್ಚು ಆರಿಸುವಷ್ಟರಲ್ಲಿ ವೈರ್‌ಲೆಸ್ ಪೆಟ್ಟಿಗೆಯೊಳಗೆ ಪಟ್ ಎಂದು ಏನೋ ಒಡೆಯಿತು. ಕೊಳೆತ ಮೀನು ಸುಟ್ಟಂಥ ನಾತ. ಬಿಳಿ ಹೊಗೆ.

ಬೆಂಕಿ ಹತ್ತಲಿಲ್ಲ. ಇದನ್ನು ದಯವಿಟ್ಟು ಗಮನದಲ್ಲಿಡಿ, ಯಾಕೆಂದರೆ ಆಮೇಲೆ ಊರು ಹೇಳಿದ್ದೇ ಬೇರೆ. ಒಂದು ಪೆಟ್ಟಿಗೆ ಹಾಳಾಯಿತು. ನನ್ನ ನಲವತ್ಮೂರು ವೈರುಗಳಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ.

ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು, ನನ್ನ ಕಸೂತಿಯ ಪಟ್ಟಿಯೊಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದೇನು ಗೀಚಿದ್ದು ಎಂದು ಕೇಳಿದರು. ವೈರಿನ ಕೆಲಸ ಮಾಡಿದವರು ಯಾರು ಎಂದು ಕೇಳಿದರು. ಅಷ್ಟು ಇಂಗ್ಲಿಷು ನನಗೂ ಗೊತ್ತಿತ್ತು. ನಾನು ಇವರ ಮುಖ ನೋಡಿದೆ. ಇವರು ಬ್ಯಾಟರಿಯನ್ನು ನೋಡಿದರು, ನೆಲವನ್ನು ನೋಡಿದರು, ಆಮೇಲೆ ಹೇಳಿದರು: “ನನ್ನ ಹೆಂಡತಿ.”

ಅಷ್ಟೇ. ಅಲ್ಲಿಗೆ ನಿಂತಿತು. ಕ್ಲಿಪ್ಪು ಹಾಕಿದ್ದು ಯಾರು ಎಂದು ಅಧಿಕಾರಿ ಕೇಳಲಿಲ್ಲ, ಇವರು ಹೇಳಲಿಲ್ಲ. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಹೇಳಿದ್ದು ನಿಜವೇ, ನನಗೆ ಮಾತು ಕೊಟ್ಟ ಹಾಗೆ ನನ್ನ ಹೆಸರೇ ಬರೆಸಿದರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಮಾಡಿದವರು ಯಾರೋ, ಅವರ ಹೆಂಡತಿಗೂ ಹೀಗೇ ಏನೋ ಆಗಿರಬೇಕು. ನಾನು “ಮುಳ್ಳು ಹಿಂದಕ್ಕೆ ಹೋಯ್ತು ಸ್ವಾಮಿ, ವೈರು ಸರಿಯಿದೆ, ಕೊಟ್ಟಿದ್ದು ಉಲ್ಟಾ” ಎಂದು ಕನ್ನಡದಲ್ಲಿ ಹೇಳಿದೆ. ಅವರು ನಯವಾಗಿ ತಲೆಯಾಡಿಸಿದರು. ನನ್ನ ಮಾತನ್ನು ಅವರ ಭಾಷೆಗೆ ಮಾಡಿ ಹೇಳಬೇಕಾದವರು ಬಾಯಿ ತೆರೆಯಲಿಲ್ಲ. ವೈರೆಲ್ಲ ಕಿತ್ತು, ಕಲಿತು ಸರ್ಟಿಫಿಕೇಟು ಪಡೆದವರಿಂದ ಹೊಸದಾಗಿ ಹಾಕಿಸಬೇಕು ಎಂದು ಬರೆದು, ಚಂಗಪ್ಪನವರ ಮನೆಯಲ್ಲಿ ಊಟ ಮಾಡಿ ಹೊರಟರು. “ಹೋಗ್ಲಿ ಬಿಡಿ ಶಾರದಮ್ಮ, ಹೆಂಗಸರ ಕೆಲಸ ಅಲ್ಲ ಅದು” ಎಂದು ಚಂಗಪ್ಪನವರು ಸಮಾಧಾನ ಹೇಳಿದರು. ಆ ಸಮಾಧಾನಕ್ಕಿಂತ ಎರಡು ಏಟು ವಾಸಿಯಿತ್ತು.

ಅವರೆಲ್ಲ ಊಟಕ್ಕೆ ಕೂತಾಗ ನಾನು ಅಡುಗೆ ಮನೆಯಿಂದ ಒಂದು ಆಲೂಗೆಡ್ಡೆ ತಂದೆ. ಕುಂಕುಮ ಮುಟ್ಟಲಿಲ್ಲ, ಕ್ಲಿಪ್ಪು ಮುಟ್ಟಲಿಲ್ಲ, ಇವರು ಕೊಟ್ಟ ಹಾಗೇ ಇದ್ದ ವೈರುಗಳಿಗೆ ತಂತಿ ಸಿಕ್ಕಿಸಿ ಹೋಳಿಗೆ ಚುಚ್ಚಿದೆ. ಕೆಂಪಿನ ಕಡೆ ಬೀಳಬೇಕಾದ ಮಚ್ಚೆ ಕಪ್ಪು ವೈರಿನ ಕಡೆ ಬಿತ್ತು. ಪಾಚಿಯಷ್ಟು ಹಸಿರು.

ಮನೆಗೆ ಬಂದ ಮೇಲೆ ಇವರಿಗೆ ಬಡಿಸಿದೆ. ಅನ್ನ, ಸಾರು, ಪಲ್ಯ ಇರಬೇಕಾದ ಜಾಗದಲ್ಲಿ ಆ ಹೋಳು, ಹಸಿ ಹೋಳು, ಮಚ್ಚೆ ಮೇಲೆ ಮಾಡಿ ಇಟ್ಟೆ.

“ಇದೇನು?” ಎಂದರು.

“ನಿಮ್ಮ ಮೈನಸ್ಸು” ಎಂದೆ.

ಕೈ ತೊಳೆದು ಎದ್ದು, “ನಾಳೆ ಬೆಳಿಗ್ಗೆ ಟಿ.ಬಿ.ಗೆ ಹೋಗಿ ಹೇಳ್ತೀನಿ” ಎಂದರು. ಅಧಿಕಾರಿ ಆ ರಾತ್ರಿ ವಿರಾಜಪೇಟೆಯ ಪ್ರವಾಸಿ ಬಂಗಲೆಯಲ್ಲಿ ತಂಗಿದ್ದರು. ಬೆಳಿಗ್ಗೆ ಆ ಹೋಳನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಹೋದದ್ದು ನಿಜ. ಎರಡು ಗಂಟೆ ಬಿಟ್ಟು ಬಂದು, “ಅವರು ಆಗಲೇ ಹೊರಟುಹೋಗಿದ್ರು” ಎಂದರು. ಬಂಗಲೆಯವರೆಗೆ ಹೋಗಿದ್ದರೋ, ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಕಾಫಿ ಕುಡಿದು ತಿರುಗಿ ಬಂದರೋ, ನಾನು ಕೇಳಲಿಲ್ಲ. ಐವತ್ತು ವರ್ಷ ಜೊತೆಯಲ್ಲಿ ಬಾಳಿದೆ, ಸಾರಿಗೆ ಉಪ್ಪು ಸಾಕೇ ಎಂದು ದಿನಕ್ಕೆರಡು ಸಲ ಕೇಳಿದೆ, ಅದೊಂದನ್ನು ಕೇಳಲಿಲ್ಲ. ಹೋಗಿರಲಿಲ್ಲ ಎಂದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ.

ಸುದ್ದಿ ಮಾತ್ರ ಬಸ್ಸಿನಲ್ಲೇ ಓಡಿತು. ಪೊನ್ನಂಪೇಟೆಯಲ್ಲಿ “ಮೆಕ್ಯಾನಿಕ್ಕಿನ ಹೆಂಡ್ತಿ ವೈರು ಕಟ್ಟಿ ವಿಮಾನ ಕೆಡಿಸಿದ್ಲು” ಎಂದಿದ್ದದ್ದು ವಿರಾಜಪೇಟೆಗೆ ಬರುವಾಗ “ಸುಟ್ಟು ಬೂದಿ ಮಾಡಿದ್ಲು” ಎಂದಾಗಿತ್ತು. ಗಡಿಯ ಊರು ಕರಿಕೆಗೆ ಮುಟ್ಟುವಷ್ಟರಲ್ಲಿ ವಿಮಾನ ಹಾರಿ, ಬಿದ್ದು, ಇಬ್ಬರು ಸತ್ತೂ ಆಗಿತ್ತು. ಅಲ್ಲಿಂದ ಬಂದ ಸಂಬಂಧಿಕರೊಬ್ಬರು ಇವರನ್ನು ಜೀವಂತ ನೋಡಿ ಬಾಗಿಲಲ್ಲೇ ಬೆಚ್ಚಿಬಿದ್ದರು. ಅದರಲ್ಲಿ ಕೂರುವುದು ಒಬ್ಬರೇ, ಇನ್ನೊಬ್ಬರು ಎಲ್ಲಿಂದ ಬಂದು ಸತ್ತರು ಎಂದು ಒಬ್ಬನಾದರೂ ಯೋಚಿಸಬಾರದೇ! ಈಗಲೂ ಯಾವುದಾದರೂ ಮದುವೆಗೆ ಹೋದರೆ, ನನ್ನ ವಯಸ್ಸಿನವರು ಯಾರಾದರೂ ಉಳಿದಿದ್ದರೆ, “ಆ ವಿಮಾನ ಸುಟ್ಟವರು ನೀವೇ ಅಲ್ವಾ?” ಎಂದು ಪ್ರೀತಿಯಿಂದಲೇ ಕೇಳುತ್ತಾರೆ.

ವೈರು ಕೀಳಲು ಬೇರೆಯವರನ್ನು ಕರೆಯುತ್ತೇನೆ ಎಂದರು. ಬೇಡ ಎಂದೆ. ನಾನು ಕಟ್ಟಿದ್ದನ್ನು ನಾನೇ ಬಿಚ್ಚಬೇಕು, ಅಮ್ಮ ಕಲಿಸಿದ್ದು ಅದನ್ನೇ. ಮೂರು ದಿನ ಹಿಡಿಯಿತು. ಒಂದು ಗಂಟೂ ಸಡಿಲವಾಗಿರಲಿಲ್ಲ, ಪ್ರತಿಯೊಂದನ್ನೂ ಕತ್ತರಿಸಬೇಕಾಯಿತು. ಇವರು ದೂರದಲ್ಲಿ ಕೂತು ಏನೋ ಉಜ್ಜುತ್ತಿದ್ದರು, ಮೂರು ದಿನವೂ ಅದೇ ಒಂದು ಬೋಲ್ಟು. ಪಿಕ್ಕಿಂಗ್ ಬಂತು, ವಿಮಾನ ದನದ ಕೊಟ್ಟಿಗೆಯ ಪಕ್ಕಕ್ಕೆ ಹೋಯಿತು. ಸರ್ಟಿಫಿಕೇಟಿನವರು ಯಾರೂ ಬರಲಿಲ್ಲ. ಆಮೇಲೆ ಕೊಡಗೇ ಮೈಸೂರಿಗೆ ಸೇರಿತು; ಅದರ ಗಲಾಟೆಯಲ್ಲಿ ವಿಮಾನ ಯಾರಿಗೆ ನೆನಪಿರುತ್ತದೆ? ಚಂಗಪ್ಪನವರ ಕೋಳಿಗಳು ಸೀಟಿನಲ್ಲಿ ಮೊಟ್ಟೆ ಇಟ್ಟವು. ಆ ವೈರುಗಳನ್ನು ಹೆಣೆದು ಮಾಡಿದ ಹಗ್ಗದ ಮೇಲೆ ಇವತ್ತಿಗೂ ನಾನು ಬಟ್ಟೆ ಒಣಗಿಸುತ್ತೇನೆ. ಎಂಥ ಮಳೆಗಾಲಕ್ಕೂ ತುಂಡಾಗಿಲ್ಲ.

ಇವರ ಮೇಲೆ ಸಿಟ್ಟು, ಅಧಿಕಾರಿಯ ಮೇಲೆ ಸಿಟ್ಟು, ಐತಪ್ಪಣ್ಣನ ಮೇಲೆ ಸಿಟ್ಟು, ಇಷ್ಟನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಹೇಳದಿರುವುದು ಒಂದಿದೆ. ಇವರು ನನ್ನ ಮಣಿಕಟ್ಟು ಹಿಡಿದಾಗ ನಾನು ಕೊಸರಿಕೊಳ್ಳಲಿಲ್ಲ. ಹಿಡಿತ ಗಟ್ಟಿಯೇನೂ ಇರಲಿಲ್ಲ. ಮುತ್ತೈದೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಬೆರಳು ತಾನಾಗಿ ಮಡಿಚಿಕೊಂಡಿತ್ತು. ಎರಡು ವರ್ಷ ಪ್ಲಸ್ಸು ಮೈನಸ್ಸು ಕಲಿತವಳು, ಒಂದು ಚಿಟಿಕೆ ಕುಂಕುಮಕ್ಕೆ ಹೆದರಿದೆ. ಇವರೂ ಹೆದರಿದ್ದರು. ಅವರು ಸಾಯುತ್ತಾರೆ ಎಂದು ಇಬ್ಬರಿಗೂ ಒಟ್ಟಿಗೇ ಹೆದರಿಕೆಯಾಗಿತ್ತು, ಅದಕ್ಕೇ ಇಬ್ಬರೂ ಸೇರಿ ಆ ವಿಮಾನವನ್ನು ಕೊಂದೆವು. ಅಷ್ಟು ಜೋಪಾನ ಮಾಡಿದ ಕುಂಕುಮವೂ ಕೊನೆಗೆ ಉಳಿಯಿತೇ? ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಆ ದಿನ ಯಾರೂ ಯಾವ ಬ್ಯಾಟರಿಯನ್ನೂ ಒರೆಸಿರಲಿಲ್ಲ.

ಸರಿ, ಪ್ರಮೋದ ಇನ್ನೂ ವೈರು ಹಿಡಿದುಕೊಂಡೇ ಇದ್ದಾನೆ.

“ಯಾವುದು ಪ್ಲಸ್ಸು ಅಂತ ಕೇಳ್ದೆ” ಎಂದೆ ಇನ್ನೊಂದು ಸಲ.

“ಕೆಂಪಗಿರೋದು ಅಜ್ಜಿ, ಅಷ್ಟೂ ಗೊತ್ತಿಲ್ವಾ?” ಎಂದ. ಆಮೇಲೆ ಬ್ಯಾಟರಿ ನೋಡಿದ. ಪಕ್ಕದ ಮನೆಯವರ ಮುಖ ನೋಡಿದ. ಮೊಬೈಲು ತೆಗೆದ. “ಇದೇ ಇರ್ಬೇಕು” ಎಂದು ಕೆಂಪು ಕ್ಲಿಪ್ಪಿನ ಬಾಯಿ ಅಗಲಿಸಿ ಎಡಗಡೆಯದಕ್ಕೆ ಹಿಡಿದ.

ಒಳಗೆ ಬುಟ್ಟಿ ತುಂಬ ಆಲೂಗೆಡ್ಡೆ ಇತ್ತು. ತರಿಸಬಹುದಿತ್ತು. ತರಿಸಲಿಲ್ಲ. ಅವನನ್ನು ಪಕ್ಕಕ್ಕೆ ತಳ್ಳಿ, ಸೆರಗಿನ ತುದಿಯನ್ನು ಬಾಟಲಿಯ ನೀರಿನಲ್ಲಿ ಅದ್ದಿ, ಬಗ್ಗಿದೆ.

“ಅಜ್ಜೀ, ಪೂಜೆ ಮಾಡಿದ ಕುಂಕುಮ!” ಎಂದ.

“ಹೌದು, ಕಾಣಿಸ್ತಿದೆ” ಎಂದೆ.

ಎಡಗಡೆಯದನ್ನು ಒರೆಸಿದೆ. ಸೀಸದ ಪಕ್ಕದಲ್ಲಿ ಅಡ್ಡಗೆರೆಯೊಂದು ಕಂಡಿತು, ಮೈನಸ್ಸು. ಬಲಗಡೆಯದನ್ನು ಒರೆಸಿದೆ. ಪ್ಲಸ್ಸು. ಪ್ರಮೋದ ತೆಪ್ಪಗೆ ಕೆಂಪು ಕ್ಲಿಪ್ಪನ್ನು ಬಲಗಡೆಗೆ ತಂದು ಕಚ್ಚಿಸಿದ. ಕಪ್ಪನ್ನು ಎಲ್ಲಿಗೆ ಹಾಕಲಿ ಎಂದು ನನ್ನನ್ನೇ ಕೇಳಿದ. ಹೇಳಿದೆ. ಕೀಲಿ ತಿರುಗಿಸಿದ ಕೂಡಲೇ ಕಾರು ಬುರ್ರೆಂದಿತು. “ಅಜ್ಜಿ, ನಿಮಗೆ ಇದೆಲ್ಲ ಯಾರು ಹೇಳ್ಕೊಟ್ಟಿದ್ದು?” ಎಂದ.

“ನಿನ್ನ ತಾತ” ಎಂದೆ. ಅಲ್ಲಿಗೆ ನಿಲ್ಲಿಸಿದೆ, ನನಗೂ ಹಾಗೆ ನಿಲ್ಲಿಸಲು ಬರುತ್ತದೆ.

ಒದ್ದೆ ಸೆರಗು ಕೈಯಲ್ಲೇ ಇತ್ತು, ತುದಿ ಕೆಂಪಾಗಿತ್ತು. ಒರೆಸಿದ್ದು ಎಡಗೈಯಿಂದ. ಎರಡು ಸಲ ಒರೆಸಿದರೂ ಯಾರೂ ಬಂದು ಮಣಿಕಟ್ಟು ಹಿಡಿಯಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು.